ಸಣ್ಣ ಹೆಡ್‌ಎಂಡ್‌ಗೆ ಹೊಸ ಇಎಎಸ್ ಪೆಟ್ಟಿಗೆ: ಏಪ್ರಿಲ್‌ನಿಂದ ಜೂನ್‌ವರೆಗಿನ ಕೆಲಸದ ದಾಖಲೆ

ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಕೇಬಲ್ ಕಂಪನಿಗೆ 2024ರಲ್ಲಿ ಮಾಡಿಕೊಟ್ಟ ಕೆಲಸ ಇದು. ಸುಮಾರು 900 ಕನೆಕ್ಷನ್, ಎರಡು ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ಒಂದೇ ಹೆಡ್‌ಎಂಡ್. ಹೆಡ್‌ಎಂಡ್ ಅಂದರೆ ಚಾನೆಲ್‌ಗಳನ್ನು ಹಿಡಿದು ಕೇಬಲ್‌ಗೆ ಬಿಡುವ ಜಾಗ; ಇಲ್ಲಿ ಅದು ಜೋಳದ ಹೊಲದ ಅಂಚಿನಲ್ಲಿ ತಗಡಿನ ಶೆಡ್, ಹೊರಗೆ ನಾಲ್ಕು ಡಿಶ್, ಒಂದು ಟವರ್. ಹೆಚ್ಚಿನ ಚಾನೆಲ್‌ಗಳು ಡಿಜಿಟಲ್, ಸೆಟ್‌ಟಾಪ್ ಬಾಕ್ಸ್ ಮೂಲಕ. ಹಳೇ ಟಿವಿ ಇಟ್ಟುಕೊಂಡವರಿಗೆ ಅಂತ 14 ಅನಲಾಗ್ ಚಾನೆಲ್‌ಗಳು ಇನ್ನೂ ಇವೆ.

ಇಎಎಸ್ ಅಂದರೆ ಎಮರ್ಜೆನ್ಸಿ ಅಲರ್ಟ್ ಸಿಸ್ಟಮ್. ಸುಂಟರಗಾಳಿ, ದಿಢೀರ್ ಪ್ರವಾಹ, ಮಗು ಅಪಹರಣ ಇಂಥ ಸುದ್ದಿ ಬಂದರೆ ನೀವು ನೋಡುತ್ತಿರುವ ಚಾನೆಲ್ ಮಧ್ಯದಲ್ಲೇ ನಿಲ್ಲಿಸಿ ಎಚ್ಚರಿಕೆ ತೋರಿಸುತ್ತದೆ. ಪ್ರತಿ ಕೇಬಲ್ ಕಂಪನಿಯೂ ಇದನ್ನು ಇಟ್ಟುಕೊಳ್ಳಲೇಬೇಕು ಅಂತ ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ) ನಿಯಮ. 10,000ಕ್ಕಿಂತ ಕಡಿಮೆ ಕನೆಕ್ಷನ್ ಇದ್ದವರಿಗೆ 2002ರ ಅಕ್ಟೋಬರ್ 1ರ ಗಡುವು ಕೊಟ್ಟಿದ್ದರು. 5,000ಕ್ಕಿಂತ ಕಡಿಮೆ ಇದ್ದರೆ ಒಂದು ರಿಯಾಯಿತಿಯೂ ಇದೆ. ಪೂರ್ತಿ ಎಚ್ಚರಿಕೆಯನ್ನು ಒಂದು ಚಾನೆಲ್‌ನಲ್ಲಿ ಕೊಟ್ಟರೆ ಸಾಕು. ಉಳಿದ ಚಾನೆಲ್‌ಗಳಲ್ಲಿ ಚಿತ್ರ ಕಡಿದು, "ಇಂಥ ಚಾನೆಲ್‌ಗೆ ಹೋಗಿ ನೋಡಿ" ಅಂತ ಧ್ವನಿಯಲ್ಲಿ ಹೇಳಬೇಕು. ಈ ರಿಯಾಯಿತಿಯೇ ಮುಂದೆ ನಮಗೆ ತಲೆನೋವಾಯಿತು.

ಹಂತ 1. ಸುಟ್ಟ ಪೆಟ್ಟಿಗೆ (ಏಪ್ರಿಲ್ ಎರಡನೇ ವಾರ)

ಹಳೇ ಪೆಟ್ಟಿಗೆಯ ಮುಂದಿನ ಲೈಟ್‌ಗಳೆಲ್ಲ ಆರಿದ್ದವು. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಲಾಗ್ ಪುಸ್ತಕದಲ್ಲಿ ತಾರೀಖು, ಟೈಮ್ ಬರೆಸಿದೆ. ಇದನ್ನು ಯಾರೂ ಮರೆಯಬೇಡಿ. ಉಪಕರಣ ಕೆಟ್ಟರೆ 60 ದಿನ ಅದಿಲ್ಲದೆ ನಡೆಸಬಹುದು, ಅನುಮತಿ ಬೇಕಿಲ್ಲ. ಆದರೆ ಯಾವಾಗ ತೆಗೆದಿರಿ, ಯಾವಾಗ ಮತ್ತೆ ಕೂರಿಸಿದಿರಿ ಅನ್ನುವುದು ಲಾಗ್‌ನಲ್ಲಿ ಇರಲೇಬೇಕು. 60 ದಿನ ಮೀರುವ ಹಾಗಿದ್ದರೆ ಎಫ್‌ಸಿಸಿಗೆ ಬರೆದು ಸಮಯ ಕೇಳಬೇಕು.

ಮುಚ್ಚಳ ಬಿಚ್ಚಿದರೆ ಪವರ್ ಸಪ್ಲೈ ಬೋರ್ಡಿನ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಇಳಿದು ಒಣಗಿತ್ತು. 5 ವೋಲ್ಟ್ ಬರಬೇಕಾದ ಕಡೆ ಮೀಟರ್ 3.1 ತೋರಿಸಿತು. ಎರಡನ್ನೂ ಬದಲಾಯಿಸಿದೆ, ಖರ್ಚು 6 ಡಾಲರ್. ಪೆಟ್ಟಿಗೆ ಎದ್ದಿತು, ಅರ್ಧ ಬೂಟ್ ಆಗಿ ಮೆಮೊರಿ ಕಾರ್ಡ್ ಓದಲಾಗದೆ ಮತ್ತೆ ಮಲಗಿತು.

ಇನ್ನೂ ಒದ್ದಾಡಬಹುದಿತ್ತು. ಆದರೆ ಅದರ ಸಾಫ್ಟ್‌ವೇರ್‌ಗೆ ಹೊಸ ಅಪ್‌ಡೇಟ್ ಬರುವುದು ನಿಂತು ಬಹಳ ದಿನವಾಗಿತ್ತು. 2023ರ ಡಿಸೆಂಬರ್ 12ರಿಂದ ಇನ್ನೊಂದು ನಿಯಮ ಜಾರಿಯಾಗಿದೆ. ರೇಡಿಯೊ ಮೂಲಕ ಎಚ್ಚರಿಕೆ ಬಂದರೆ, ಅದೇ ಎಚ್ಚರಿಕೆ ಇಂಟರ್‌ನೆಟ್‌ನಲ್ಲಿ ಕ್ಯಾಪ್ ರೂಪದಲ್ಲಿ (ಕಂಪ್ಯೂಟರ್ ಓದುವ ಎಚ್ಚರಿಕೆಯ ನಮೂನೆ) ಇದೆಯಾ ಅಂತ ಪೆಟ್ಟಿಗೆ ಮೊದಲು ನೋಡಬೇಕು. ಇದ್ದರೆ ಅದನ್ನೇ ದಾಟಿಸಬೇಕು. ಈ ಹಳೇ ಪೆಟ್ಟಿಗೆಗೆ ಆ ಕೆಲಸ ಗೊತ್ತಿರಲಿಲ್ಲ. ರಿಪೇರಿ ಅಲ್ಲಿಗೇ ನಿಲ್ಲಿಸಿದೆ.

ಹಂತ 2. ಖರೀದಿ

ಹೊಸ ಎನ್‌ಕೋಡರ್-ಡಿಕೋಡರ್ ಪೆಟ್ಟಿಗೆ (ಎನ್‌ಕೋಡರ್ ಎಚ್ಚರಿಕೆ ತಯಾರಿಸಿ ಕಳಿಸುತ್ತದೆ, ಡಿಕೋಡರ್ ಬಂದದ್ದನ್ನು ಓದುತ್ತದೆ), ಒಳಗೇ ಮೂರು ರೇಡಿಯೊ ರಿಸೀವರ್ ಇರುವಂಥದ್ದು: 3,450 ಡಾಲರ್. ಇಷ್ಟು ಸಣ್ಣ ಕಂಪನಿಗೆ ಎನ್‌ಕೋಡರ್ ಕಡ್ಡಾಯ ಅಲ್ಲ, ಎಫ್‌ಸಿಸಿ ಒಪ್ಪಿದ ಡಿಕೋಡರ್ ಒಂದೇ ಸಾಕು. ಮ್ಯಾನೇಜರ್ ಕಡಿಮೆ ಬೆಲೆಯದ್ದನ್ನೇ ನೋಡುತ್ತಿದ್ದರು. ಎರಡರ ಬೆಲೆ ವ್ಯತ್ಯಾಸ ಕಡಿಮೆ ಇತ್ತು, ಹಾಗಾಗಿ ಎರಡೂ ಇರುವುದನ್ನೇ ತಗೊಳ್ಳಿ ಅಂದೆ. ವಾರದ ಟೆಸ್ಟ್ ನಾವೇ ಕಳಿಸಬಹುದು, ಬೇರೆಯವರಿಗೆ ಕಾಯಬೇಕಿಲ್ಲ.

ಉಳಿದದ್ದು ಚಿಲ್ಲರೆ: 162 ಮೆಗಾಹರ್ಟ್ಸ್‌ನ ಯಾಗಿ ಆಂಟೆನಾ (ಒಂದೇ ದಿಕ್ಕಿಗೆ ತಿರುಗಿಸಿ ಹಿಡಿಯುವಂಥದ್ದು) 85, ಎಫ್‌ಎಂ ಆಂಟೆನಾ 60, ಕೇಬಲ್ ಮತ್ತು ಕನೆಕ್ಟರ್ 70, ಸಿಡಿಲಿಗೆ ಅರೆಸ್ಟರ್ 45. ಆಮೇಲೆ ಸೇರಿದ್ದನ್ನು ಆಯಾ ಜಾಗದಲ್ಲಿ ಬರೆದಿದ್ದೇನೆ.

ಈ ಬಿಲ್‌ನ ಫೋಟೊ ತೀರ್ಥಹಳ್ಳಿಯಲ್ಲಿ ಕೇಬಲ್ ನಡೆಸುವ ಗೆಳೆಯನಿಗೆ ಕಳಿಸಿದೆ. "ಏನು ಮಾರಾಯ, ಒಂದು ಪೆಟ್ಟಿಗೆಗೆ ಇಷ್ಟೊಂದು ರಗಳೆಯಾ? ಇಲ್ಲಿ ಮಳೆ ಜೋರಾದ್ರೆ ಮೊದಲು ಹೋಗೋದೇ ಕರೆಂಟು, ಆಮೇಲೆ ಟಿವಿ ಎಲ್ಲಿ, ಎಚ್ಚರಿಕೆ ಎಲ್ಲಿ" ಅಂದ. ಅವನ ಮಾತೂ ನಿಜವೇ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳೆಲ್ಲ ಒಟ್ಟಿಗೆ ಕಿರುಚಿದ ಪರೀಕ್ಷೆ ನೆನಪಿದೆ ಅಲ್ವಾ? ಅದೇ ತಿಂಗಳ 4ರಂದು ಇಲ್ಲೂ ದೇಶವ್ಯಾಪಿ ಪರೀಕ್ಷೆ ನಡೆದಿತ್ತು. ಇಲ್ಲಿ ಫೋನಿನ ಜೊತೆ ಟಿವಿ, ರೇಡಿಯೊ ಕೂಡ ಕೂಗಿದವು.

ಹಂತ 3. ಆಂಟೆನಾ ಮತ್ತು ಗದ್ದಲ

ಕಡಿಮೆಯೆಂದರೆ ಎರಡು ಕೇಂದ್ರಗಳನ್ನು ಸದಾ ಕೇಳುತ್ತಿರಬೇಕು. ಯಾವ ಎರಡು ಅನ್ನುವುದನ್ನು ರಾಜ್ಯದ ಇಎಎಸ್ ಯೋಜನೆ ಹೇಳುತ್ತದೆ. ನಮಗೆ ಬಂದದ್ದು ಒಂದು ಎಎಂ, ಒಂದು ಎಫ್‌ಎಂ. ಮೂರನೇ ರಿಸೀವರ್‌ಗೆ ನೋವಾ (ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ) ಹವಾಮಾನ ರೇಡಿಯೊ ಕೊಟ್ಟೆ. ಅದು 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ತರಂಗಗಳಲ್ಲಿ ಒಂದರಲ್ಲಿ ಸಿಗುತ್ತದೆ.

ನೋವಾ ಮೊದಲ ದಿನವೇ ಸ್ವಚ್ಛವಾಗಿ ಬಂತು. ಯಾಗಿಯನ್ನು ಟವರ್‌ನಲ್ಲಿ 30 ಅಡಿಗೆ ಕಟ್ಟಿ ತಿರುಗಿಸಿದ್ದಷ್ಟೇ.

ಎಎಂ ಮಾತ್ರ ಸತಾಯಿಸಿತು. ಶೆಡ್‌ನೊಳಗೆ ರಿಸೀವರ್ ಆನ್ ಮಾಡಿದರೆ ಬರೀ ಜುಂಯ್ ಸದ್ದು. ಒಂದೊಂದೇ ಉಪಕರಣ ಆಫ್ ಮಾಡುತ್ತಾ ಹೋದೆ. ಎಲ್‌ಇಡಿ ಟ್ಯೂಬ್ ಆರಿಸಿದಾಗ ಅರ್ಧ ಸದ್ದು ಹೋಯಿತು. ಯುಪಿಎಸ್ ಆರಿಸಿದಾಗ ಉಳಿದದ್ದೂ ಹೋಯಿತು. ಯುಪಿಎಸ್ ಆರಿಸಿಡಲು ಆಗುತ್ತದೆಯೇ? ವಯರ್‌ಗಳಿಗೆ ಗದ್ದಲ ತಡೆಯುವ ಫೆರೈಟ್ ಕ್ಲಿಪ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ಆಂಟೆನಾವನ್ನು ಶೆಡ್‌ನ ಛಾವಣಿಗೆ ಏರಿಸಿದೆ, ಸ್ವಲ್ಪ ಕಡಿಮೆಯಾಯಿತು. ಕೊನೆಗೆ ಕೆಲಸ ಮಾಡಿದ್ದು ದೂರ. ಬೇಲಿಯ ಕಂಬಕ್ಕೆ, ಶೆಡ್‌ನಿಂದ 80 ಅಡಿ ಆಚೆ, ಹೊರಾಂಗಣ ಲೂಪ್ ಆಂಟೆನಾ ಹಾಕಿ ಕೇಬಲ್ ಮಣ್ಣಿನಡಿ ಎಳೆದೆ. ಲೂಪ್, ಕೇಬಲ್, ಪೈಪ್ ಸೇರಿ 140 ಡಾಲರ್. ಎಲ್‌ಇಡಿ ಟ್ಯೂಬ್‌ಗಳನ್ನೂ ಬದಲಾಯಿಸಿದ್ದಾಯಿತು.

ಎಫ್‌ಎಂನಲ್ಲಿ ಬೇರೆ ಥರದ ರೋಗ. ಒಳಗಿನ ರಿಸೀವರ್‌ಗಿಂತ ಹಳೇ ಟ್ಯೂನರ್ ಚೆನ್ನಾಗಿ ಹಿಡಿಯುತ್ತಿತ್ತು, ಹಾಗಾಗಿ ಅದನ್ನೇ ಉಳಿಸಿಕೊಂಡೆ. ಅದರ ಆಡಿಯೊ ಹೊಸ ಪೆಟ್ಟಿಗೆಗೆ ಸೇರಿಸಿದ ಕೂಡಲೇ 60 ಹರ್ಟ್ಸ್‌ನ ಗುಂಯ್ ಶುರು. ಎರಡೂ ಬೇರೆ ಬೇರೆ ರ್ಯಾಕ್‌ನಲ್ಲಿದ್ದವು, ಅರ್ತ್ ಲೂಪ್ ಆಗಿತ್ತು (ಎರಡು ಕಡೆಯ ಅರ್ತ್ ನಡುವೆ ಆಡಿಯೊ ವಯರ್‌ನಲ್ಲೇ ಕರೆಂಟ್ ಹರಿಯುತ್ತಿತ್ತು). 600 ಓಮ್‌ನ ಆಡಿಯೊ ಟ್ರಾನ್ಸ್‌ಫಾರ್ಮರ್ ಮಧ್ಯೆ ಹಾಕಿದೆ, 38 ಡಾಲರ್. ಗುಂಯ್ ಹೋಯಿತು.

ಇಷ್ಟೆಲ್ಲ ಯಾಕೆಂದರೆ, ಎಚ್ಚರಿಕೆಯ ಮೊದಲಿಗೆ ಬರುವ ಆ ಗರಗರ ಸದ್ದೇ ಡೇಟಾ. 2083.3 ಮತ್ತು 1562.5 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಅಕ್ಷರಗಳನ್ನು ಕಳಿಸುತ್ತಾರೆ. ಅದು ಮೂರು ಸಲ ಬರುತ್ತದೆ, ಎರಡಾದರೂ ತಾಳೆಯಾದರೆ ಮಾತ್ರ ಪೆಟ್ಟಿಗೆ ಒಪ್ಪುತ್ತದೆ. ಗದ್ದಲ ಜಾಸ್ತಿ ಇದ್ದರೆ ಮನುಷ್ಯನ ಕಿವಿಗೆ ಮಾತು ಅರ್ಥವಾದರೂ ಪೆಟ್ಟಿಗೆ ಸುಮ್ನೆ ಕೂತಿರುತ್ತದೆ.

ಹಂತ 4. ನೆಟ್‌ವರ್ಕ್

ಪೆಟ್ಟಿಗೆ ಫೆಮಾದ (ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ) ಐಪಾಸ್ ಅನ್ನುವ ಎಚ್ಚರಿಕೆ ಸರ್ವರ್‌ಗೆ ತಾನೇ ಹೋಗಿ ಹೊಸ ಕ್ಯಾಪ್ ಎಚ್ಚರಿಕೆ ಇದೆಯಾ ಅಂತ ಆಗಾಗ ಕೇಳುತ್ತದೆ. ಅಂದರೆ ಒಳಗಿನಿಂದ ಹೊರಗೆ ಹೋಗುವ ದಾರಿ ಸಾಕು. ಹೊರಗಿನಿಂದ ಒಳಗೆ ಬರುವ ಒಂದು ಪೋರ್ಟ್ ಕೂಡ ಬೇಡ. ಹಳೇ ಪೆಟ್ಟಿಗೆಯ ಲಾಗಿನ್ ಪುಟ ಮಾತ್ರ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿತ್ತು, ಪಾಸ್‌ವರ್ಡ್ ಕೈಪಿಡಿಯಲ್ಲಿ ಅಚ್ಚಾಗಿರುವುದೇ. 2013ರ ಫೆಬ್ರವರಿಯಲ್ಲಿ ಮೊಂಟಾನಾ, ಮಿಶಿಗನ್‌ನ ಟಿವಿಗಳಲ್ಲಿ "ಸತ್ತವರು ಗೋರಿಯಿಂದ ಎದ್ದು ಬರುತ್ತಿದ್ದಾರೆ" ಅಂತ ಎಚ್ಚರಿಕೆ ಹೋದದ್ದು ಇದೇ ಥರದ ಬದಲಾಯಿಸದ ಪಾಸ್‌ವರ್ಡ್‌ನಿಂದ. ಫೈರ್‌ವಾಲ್ ಹಿಂದೆ ಹಾಕಿದೆ, ಪಾಸ್‌ವರ್ಡ್ ಉದ್ದದ್ದು ಇಟ್ಟು ಮ್ಯಾನೇಜರ್ ಬೀರುವಿನಲ್ಲಿ ಬರೆದಿಡಿಸಿದೆ.

ಗಡಿಯಾರವನ್ನು ಎನ್‌ಟಿಪಿಗೆ (ಇಂಟರ್‌ನೆಟ್‌ನಿಂದ ಸರಿಯಾದ ಟೈಮ್ ತರುವ ವ್ಯವಸ್ಥೆ) ಕಟ್ಟಿದೆ. ಎಚ್ಚರಿಕೆಯ ಹೆಡರ್‌ನಲ್ಲಿ, ಅಂದರೆ ಆ ಗರಗರ ಡೇಟಾದಲ್ಲಿ, ವರ್ಷ ಇರುವುದಿಲ್ಲ. ವರ್ಷದ ಎಷ್ಟನೇ ದಿನ ಮತ್ತು ಟೈಮ್ ಮಾತ್ರ, ಅದೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ). ಟೈಮ್ ತಾಳೆ ನೋಡದ ಪೆಟ್ಟಿಗೆ ಏನು ಬೇಕಾದರೂ ದಾಟಿಸುತ್ತದೆ. 2014ರ ಅಕ್ಟೋಬರ್‌ನಲ್ಲಿ ಒಂದು ರೇಡಿಯೊ ಕಾರ್ಯಕ್ರಮದಲ್ಲಿ 2011ರ ರಾಷ್ಟ್ರೀಯ ಪರೀಕ್ಷೆಯ ಸದ್ದನ್ನು ತಮಾಷೆಗೆ ಹಾಕಿದರು. ಹಲವು ರಾಜ್ಯಗಳ ಸೆಟ್‌ಟಾಪ್ ಬಾಕ್ಸ್‌ಗಳು ಅದನ್ನು ನಿಜ ಅಂತ ನಂಬಿದವು. ಆ ರೇಡಿಯೊ ಕಂಪನಿಗೆ 10 ಲಕ್ಷ ಡಾಲರ್ ದಂಡ ಬಿತ್ತು.

ಹಂತ 5. ಕೌಂಟಿ ಕೋಡ್

ಸಣ್ಣ ಕೆಲಸ, ಆದರೆ ಇಲ್ಲಿ ಒಂದು ಅಂಕಿ ತಪ್ಪಿದರೂ ಎಲ್ಲ ವ್ಯರ್ಥ. ಪ್ರತಿ ಜಾಗಕ್ಕೆ ಆರು ಅಂಕಿಯ ಕೋಡ್. ಮೊದಲನೆಯದು ಕೌಂಟಿಯ ಭಾಗ (ಇಡೀ ಕೌಂಟಿಗೆ 0), ಆಮೇಲೆ ಎರಡಂಕಿ ರಾಜ್ಯ, ಮೂರಂಕಿ ಕೌಂಟಿ. ಅಯೋವಾ 19. ಪೊಕಹಾಂಟಸ್ ಕೌಂಟಿ 019151, ಕ್ಯಾಲ್‌ಹೂನ್ 019025. ಇಡೀ ರಾಜ್ಯಕ್ಕೆ 019000, ಅದನ್ನೂ ಸೇರಿಸಲೇಬೇಕು. ಅಯೋವಾದ ಕೌಂಟಿಗಳಿಗೆ ಅಕ್ಷರದ ಕ್ರಮದಲ್ಲಿ ಬರೀ ಬೆಸಸಂಖ್ಯೆ ಕೊಟ್ಟಿದ್ದಾರೆ. ಪಟ್ಟಿಯಲ್ಲಿ 000 ಬಿಟ್ಟು ಸಮಸಂಖ್ಯೆ ಕಂಡರೆ ಯಾರೋ ತಪ್ಪು ಒತ್ತಿದ್ದಾರೆ ಅಂತಲೇ ಲೆಕ್ಕ. ಹಳೇ ಪೆಟ್ಟಿಗೆಯ ಸೆಟ್ಟಿಂಗ್ ಪ್ರಿಂಟ್‌ಔಟ್‌ನಲ್ಲಿ 019026 ಅಂತ ಇತ್ತು! ಒಂದು ಕೌಂಟಿಗೆ ಎಷ್ಟು ವರ್ಷದಿಂದ ಎಚ್ಚರಿಕೆ ಹೋಗಿರಲಿಲ್ಲವೋ.

ಮುಂದಿನದು ಯಾವ ಎಚ್ಚರಿಕೆ ದಾಟಿಸಬೇಕು ಅನ್ನುವುದು. ರಾಷ್ಟ್ರಮಟ್ಟದ ತುರ್ತು ಸಂದೇಶ, ರಾಷ್ಟ್ರೀಯ ಪರೀಕ್ಷೆ, ತಿಂಗಳ ಪರೀಕ್ಷೆ ಕಡ್ಡಾಯ. ವಾರದ್ದನ್ನು ದಾಟಿಸಬೇಕಿಲ್ಲ, ನಾವೇ ಕಳಿಸುತ್ತೇವೆ. ಸುಂಟರಗಾಳಿ ಎಚ್ಚರಿಕೆ ಕಡ್ಡಾಯ ಅಲ್ಲ. ಹೌದು, ಅಯೋವಾದಲ್ಲೂ ಅಲ್ಲ. ರಾಜ್ಯ ಮತ್ತು ಸ್ಥಳೀಯ ಎಚ್ಚರಿಕೆಗಳು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ನಾವು ಸುಂಟರಗಾಳಿ, ದಿಢೀರ್ ಪ್ರವಾಹ, ಮಕ್ಕಳ ಅಪಹರಣ ಇಟ್ಟುಕೊಂಡೆವು. ಗುಡುಗು-ಮಳೆಯ ಎಚ್ಚರಿಕೆ ಸೇರಿಸಲಿಲ್ಲ. ಬೇಸಿಗೆಯಲ್ಲಿ ಅದು ಎಷ್ಟು ಸಲ ಬರುತ್ತದೆಂದರೆ ಜನ ಬೈಯುತ್ತಾರೆ, ಆಮೇಲೆ ನಿಜವಾದದ್ದಕ್ಕೂ ತಲೆ ಎತ್ತುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಹಂತ 6. 14 ಅನಲಾಗ್ ಚಾನೆಲ್

ಅತಿ ಹೆಚ್ಚು ಹೊತ್ತು ಹಿಡಿದ ಕೆಲಸ.

ಒಂದೊಂದು ಚಾನೆಲ್‌ಗೆ ಒಂದೊಂದು ಮಾಡ್ಯುಲೇಟರ್, ಅಂದರೆ ಚಿತ್ರ-ಧ್ವನಿಯನ್ನು ಕೇಬಲ್‌ನ ಚಾನೆಲ್ ಆಗಿ ಮಾಡುವ ಉಪಕರಣ. ಇಲ್ಲಿ ಪ್ರತಿ ಮಾಡ್ಯುಲೇಟರ್‌ಗೂ ಐಎಫ್‌ನ (ಚಾನೆಲ್ ಆಗುವ ಮೊದಲಿನ ಮಧ್ಯದ ತರಂಗ) ಎರಡನೇ ಇನ್‌ಪುಟ್ ಇದೆ, 45.75 ಮೆಗಾಹರ್ಟ್ಸ್ ಚಿತ್ರ, 41.25 ಧ್ವನಿ. ಎಚ್ಚರಿಕೆ ಬಂದಾಗ ಇಎಎಸ್ ಪೆಟ್ಟಿಗೆಯ ರಿಲೇ ಮುಚ್ಚುತ್ತದೆ. ಆಗ 14 ಮಾಡ್ಯುಲೇಟರ್‌ಗಳೂ ತಮ್ಮ ಚಾನೆಲ್ ಬಿಟ್ಟು ಒಂದೇ "ಎಚ್ಚರಿಕೆ" ಮಾಡ್ಯುಲೇಟರ್‌ನ ಐಎಫ್ ಹಿಡಿಯುತ್ತವೆ. ಪೂರ್ತಿ ಸಂದೇಶ ತೋರಿಸುವ ಚಾನೆಲ್‌ಗೆ ಪೆಟ್ಟಿಗೆಯಿಂದ ಬೇರೆಯೇ ವಯರ್.

ರಿಲೇ ವಯರ್‌ಗಳನ್ನು ಸಾಲಾಗಿ ಜೋಡಿಸಿ, ಪ್ಲಾಂಟ್‌ಗೆ (ಮನೆಗಳಿಗೆ ಹೋಗುವ ಕೇಬಲ್ ಜಾಲ) ಹೋಗುವ ಔಟ್‌ಪುಟ್ ಬಿಚ್ಚಿ, ತುದಿ ಮುಚ್ಚಲು 75 ಓಮ್ ಟರ್ಮಿನೇಟರ್ ಹಾಕಿ, ಬೆಂಚ್ ಮೇಲಿನ ಟಿವಿಯಲ್ಲಿ ನೋಡಿದೆ. ನಿಜವಾದ ಎಚ್ಚರಿಕೆ ಅಥವಾ ನಿಗದಿತ ಟೆಸ್ಟ್ ಬಿಟ್ಟು ಇಎಎಸ್ ಸದ್ದು ಜನರ ಮನೆಗೆ ಹೋಗಕೂಡದು, ಅದಕ್ಕೇ ಈ ಕಟ್ಟು.

ಮೊದಲ ಸಲಕ್ಕೆ ಐದು ಚಾನೆಲ್ ಸರಿಯಾಗಿ ತಿರುಗಿದವು. ಒಂಬತ್ತರಲ್ಲಿ ಚಿತ್ರದ ಬದಲು ಇರುವೆ ಹರಿದಾಡಿದ ಹಾಗೆ ಚುಕ್ಕಿ. ಮೀಟರ್ ಇಟ್ಟು ನೋಡಿದರೆ ಎಚ್ಚರಿಕೆ ಮಾಡ್ಯುಲೇಟರ್‌ನಿಂದ 38 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ಹೊರಡುತ್ತಿತ್ತು. ಎರಡು ದಾರಿಯ ಸ್ಪ್ಲಿಟರ್‌ನಲ್ಲಿ 3.5, ಅದರ ಹಿಂದೆ ಎಂಟು ದಾರಿಯದ್ದರಲ್ಲಿ 11 ಹೋದರೆ ಉಳಿಯುವುದು 23 ಚಿಲ್ಲರೆ. ಹೊಸ ಮಾಡ್ಯುಲೇಟರ್‌ಗಳು ಅಷ್ಟರಲ್ಲಿ ನಡೆಸಿಕೊಂಡವು, ಹಳೆಯವು ಒಪ್ಪಲಿಲ್ಲ. ಸೆಕೆಂಡ್‌ಹ್ಯಾಂಡ್ ಐಎಫ್ ಆಂಪ್ಲಿಫೈಯರ್ ಒಂದು 110 ಡಾಲರ್‌ಗೆ ಸಿಕ್ಕಿತು. ಸ್ಪ್ಲಿಟರ್‌ನ ಖಾಲಿ ಪೋರ್ಟ್‌ಗಳಿಗೆ ಟರ್ಮಿನೇಟರ್ ಹಾಕಿ, ಆಂಪ್ಲಿಫೈಯರ್ ಸೇರಿಸಿ, 14ರಲ್ಲೂ ಚಿತ್ರ ಸ್ವಚ್ಛ.

ಅಷ್ಟರಲ್ಲಿ ಏಪ್ರಿಲ್ ಮುಗಿದಿತ್ತು. ಪ್ಲಾಂಟ್‌ಗೆ ಮತ್ತೆ ಸೇರಿಸಿ, ವಾರದ ಟೆಸ್ಟ್ ಕಳಿಸಿದೆವು. ಹೋಯಿತು. ಉಪಕರಣ ಮತ್ತೆ ಚಾಲೂ ಅಂತ ಲಾಗ್‌ನಲ್ಲಿ ಬರೆಸಿದೆ.

ಹಂತ 7. ಮೇ ತಿಂಗಳ ಟೆಸ್ಟ್

ವಾರದ ಟೆಸ್ಟ್ ನಂಬಿ ಕೂರಬೇಡಿ. ಅದರಲ್ಲಿ ಆರಂಭದ ಡೇಟಾ ಸದ್ದು, ಕೊನೆಯ ಡೇಟಾ ಸದ್ದು, ಇಷ್ಟೇ. ಚಿತ್ರವೂ ಬೇಕಿಲ್ಲ, ಮಾತೂ ಇಲ್ಲ. ಎಲ್ಲ ಭಾಗಗಳೂ ಓಡುವುದು ತಿಂಗಳ ಟೆಸ್ಟ್‌ನಲ್ಲಿ. 853 ಮತ್ತು 960 ಹರ್ಟ್ಸ್ ಕೂಡಿದ ಆ ಕರ್ಕಶ ಸದ್ದು ಕನಿಷ್ಠ 8 ಸೆಕೆಂಡ್, ಆಮೇಲೆ ಮಾತು, ಅಕ್ಷರ. ಬಂದ 60 ನಿಮಿಷದೊಳಗೆ ನಾವು ದಾಟಿಸಬೇಕು. ಬೆಸ ತಿಂಗಳುಗಳಲ್ಲಿ ಅದು ಹಗಲು ಹೊತ್ತು, ಸಮ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ. ಮೇ ಆದ್ದರಿಂದ ಹಗಲೇ ಬಂತು. ಆಫೀಸಿನಲ್ಲಿ ಅನಲಾಗ್ ಟಿವಿ ಒಂದು, ಸೆಟ್‌ಟಾಪ್ ಬಾಕ್ಸ್ ಇರುವ ಟಿವಿ ಒಂದು ಹಚ್ಚಿಟ್ಟು ಕಾದೆವು.

ಅನಲಾಗ್ ಟಿವಿ ನೀಲಿ ಪರದೆಗೆ ತಿರುಗಿತು. ಹೆಂಗಸಿನ ಧ್ವನಿಯೊಂದು "ವಿವರಕ್ಕೆ ಚಾನೆಲ್ 3 ನೋಡಿ" ಅಂತ ಇಂಗ್ಲಿಷ್‌ನಲ್ಲಿ ಹೇಳಿತು. ಚಾನೆಲ್ 3ಕ್ಕೆ ಹೋದರೆ ಅಲ್ಲೂ ನೀಲಿ ಪರದೆ, ಅದೇ ಹೆಂಗಸು, ಚಾನೆಲ್ 3 ನೋಡಿ ಅನ್ನುತ್ತಿದ್ದಾಳೆ. ಪೂರ್ತಿ ಸಂದೇಶ ಹೋಗುತ್ತಿದ್ದದ್ದು ಊರಿನ ಸ್ಥಳೀಯ ಚಾನೆಲ್‌ನಲ್ಲಿ. ಹಿಂದೊಮ್ಮೆ ಚಾನೆಲ್ ಪಟ್ಟಿ ಅದಲು ಬದಲು ಮಾಡಿದಾಗ ಅದನ್ನು 3ರಿಂದ 12ಕ್ಕೆ ಸರಿಸಿದ್ದರು. ಧ್ವನಿ ರೆಕಾರ್ಡ್ ಆಗಿರುವ ಸಣ್ಣ ಚಿಪ್ ಬೋರ್ಡ್ ರ್ಯಾಕ್‌ನ ಹಿಂಭಾಗದಲ್ಲಿ ಟೇಪ್ ಸುತ್ತಿ ಅಂಟಿಸಿತ್ತು. ಅದರ ನೆನಪು ಯಾರಿಗೂ ಇರಲಿಲ್ಲ.

ಧ್ವನಿ ಮತ್ತೆ ರೆಕಾರ್ಡ್ ಮಾಡಿದರೆ ನಿಯಮಕ್ಕೆ ಸಾಕಿತ್ತು. ಮ್ಯಾನೇಜರ್ ಹಾಗೇ ಮಾಡಿ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸುಂಟರಗಾಳಿ ಬರುವಾಗ ರಿಮೋಟ್ ಹುಡುಕಿ ಚಾನೆಲ್ ಬದಲಾಯಿಸು ಅಂತ ಜನರಿಗೆ ಹೇಳುವುದೇ ವಿಚಿತ್ರ. 14 ಮಾಡ್ಯುಲೇಟರ್‌ಗಳೂ ಹೇಗೂ ಒಂದೇ ಐಎಫ್ ಹಿಡಿಯುತ್ತವೆ. ಆ ಐಎಫ್‌ಗೆ ನೀಲಿ ಪರದೆಯ ಬದಲು ಪೂರ್ತಿ ಸಂದೇಶವನ್ನೇ ಕೊಟ್ಟರೆ? ಹಿಂದೆ ಪೆಟ್ಟಿಗೆಗೆ ವಿಡಿಯೊ ಔಟ್‌ಪುಟ್ ಒಂದೇ ಇದ್ದದ್ದರಿಂದ ಬೋರ್ಡ್ ಹಾಕಿದ್ದರು ಅನ್ನಿಸುತ್ತದೆ. ವಿಡಿಯೊ ಹಂಚುವ ಸಣ್ಣ ಆಂಪ್ಲಿಫೈಯರ್ 42 ಡಾಲರ್, ಆಡಿಯೊಗೆ ಇನ್ನೊಂದು ಟ್ರಾನ್ಸ್‌ಫಾರ್ಮರ್ 38. ಒಟ್ಟು 80 ಡಾಲರ್‌ನಲ್ಲಿ 14 ಚಾನೆಲ್‌ಗಳಿಗೂ ಅಕ್ಷರ, ಸದ್ದು, ಮಾತು ಎಲ್ಲ ಸಿಕ್ಕಿತು. ಚಿಪ್ ಬೋರ್ಡ್ ಕಿತ್ತು ಬಿಸಾಕಿದೆ. 5,000ಕ್ಕಿಂತ ಕಡಿಮೆ ಇರುವವರ ರಿಯಾಯಿತಿ ಈ ಹೆಡ್‌ಎಂಡ್‌ನ ಅನಲಾಗ್ ಕಡೆ ಈಗ ಬೇಕಾಗಿಲ್ಲ.

ಡಿಜಿಟಲ್ ಕಡೆಯ ದೂರು ಮಧ್ಯಾಹ್ನ ಫೋನಿನಲ್ಲಿ ಬಂತು. ವಯಸ್ಸಾದ ಮಹಿಳೆಯೊಬ್ಬರು, "ನನ್ನ ಟಿವಿ ಸ್ಥಳೀಯ ಚಾನೆಲ್‌ನಲ್ಲೇ ನಿಂತುಬಿಟ್ಟಿದೆ, ಆಚೆ ಹೋಗ್ತಿಲ್ಲ" ಅಂದರು. ಆಮೇಲೆ ಇನ್ನೂ ಕೆಲವರು. ಸೆಟ್‌ಟಾಪ್ ಬಾಕ್ಸ್‌ಗಳಿಗೆ ಹೋಗುವುದು ಎಸ್‌ಸಿಟಿಇ 18 ಅನ್ನುವ ಸಂದೇಶ, ಅದು ಬಾಕ್ಸನ್ನು ಬಲವಂತವಾಗಿ ವಿವರದ ಚಾನೆಲ್‌ಗೆ ಒಯ್ಯುತ್ತದೆ. ಅದರಲ್ಲಿ ಎಷ್ಟು ಸೆಕೆಂಡ್ ಅಲ್ಲಿ ಇರಬೇಕು ಅನ್ನುವ ಜಾಗ ಇದೆ, 0ಯಿಂದ 120ರವರೆಗೆ. 0 ಅಂದರೆ "ತಕ್ಷಣ ವಾಪಸ್" ಅಂತ ಯಾರಾದರೂ ಓದಿಕೊಳ್ಳುತ್ತಾರೆ. ಅಲ್ಲಿ 0 ಅಂದರೆ ಅನಿರ್ದಿಷ್ಟ ಕಾಲ. ಹೊಸ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ 0 ಇತ್ತು. 120 ಮಾಡಿದೆ. ಸಾಮಾನ್ಯ ಸಂದೇಶದ ಮಾತಿಗೂ ಎರಡೇ ನಿಮಿಷದ ಮಿತಿ ಇರುವುದರಿಂದ ಅದು ಹೊಂದುತ್ತದೆ. ಸಿಕ್ಕಿಕೊಂಡ ಬಾಕ್ಸ್‌ಗಳನ್ನು ಪ್ಲಗ್ ತೆಗೆದು ಹಾಕಿಸಬೇಕಾಯಿತು.

ಮೇ 21ರಂದು ಅಯೋವಾದ ಗ್ರೀನ್‌ಫೀಲ್ಡ್ ಊರಿಗೆ ಇಎಫ್4 (0ಯಿಂದ 5ರ ಅಳತೆಯಲ್ಲಿ 4) ಸುಂಟರಗಾಳಿ ಬಡಿಯಿತು. ಅದು ನಮ್ಮ ಕೌಂಟಿಗಳಿಂದ ದಕ್ಷಿಣಕ್ಕೆ. ಆಮೇಲೆ ಮ್ಯಾನೇಜರ್ ಆ 80 ಡಾಲರ್ ಬಿಲ್ ಬಗ್ಗೆ ಏನೂ ಕೇಳಲಿಲ್ಲ.

ಜೂನ್‌ನ ತಿಂಗಳ ಟೆಸ್ಟ್ ಕತ್ತಲಾದ ಮೇಲೆ ಬಂತು. 14 ಚಾನೆಲ್‌ಗಳೂ ತಿರುಗಿದವು, ಬಾಕ್ಸ್‌ಗಳು ಹೋಗಿ ವಾಪಸ್ ಬಂದವು. ಫೋನ್ ಬರಲಿಲ್ಲ.

ಹಂತ 8. ಕಾಗದ

ಬಂದ ಪ್ರತಿ ಟೆಸ್ಟ್, ಕಳಿಸಿದ ಪ್ರತಿ ಟೆಸ್ಟ್ ಲಾಗ್‌ನಲ್ಲಿ ಬೇಕು. ಬರಬೇಕಾದ ಟೆಸ್ಟ್ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಹುಡುಕಿ ಅದನ್ನೂ ಬರೆಯಬೇಕು. ಎರಡು ವರ್ಷ ಇಟ್ಟುಕೊಳ್ಳಬೇಕು. ಪೆಟ್ಟಿಗೆ ತಾನೇ ವಾರಕ್ಕೊಮ್ಮೆ ಇಮೇಲ್ ಮಾಡುವ ಹಾಗೆ ಇಟ್ಟಿದ್ದೇನೆ, ಮ್ಯಾನೇಜರ್ ಪ್ರಿಂಟ್ ತೆಗೆದು ಸಹಿ ಹಾಕಿ ಫೈಲ್ ಮಾಡುತ್ತಾರೆ. ಎಫ್‌ಸಿಸಿಯ ಇಎಎಸ್ ಕೈಪಿಡಿ ಪೆಟ್ಟಿಗೆಯ ಪಕ್ಕದಲ್ಲೇ ಸಿಗಬೇಕು, ಹಾಗಾಗಿ ಪ್ರಿಂಟ್ ಮಾಡಿ ರ್ಯಾಕ್‌ಗೆ ನೇತು ಹಾಕಿದೆ. ಇಟಿಆರ್‌ಎಸ್ ಅನ್ನುವ ಎಫ್‌ಸಿಸಿಯ ಪರೀಕ್ಷಾ ವರದಿ ಜಾಲತಾಣದ ಫಾರ್ಮ್ 1ರಲ್ಲಿ ಹೊಸ ಪೆಟ್ಟಿಗೆಯ ಮಾಡೆಲ್, ಸಾಫ್ಟ್‌ವೇರ್ ಆವೃತ್ತಿ ತಿದ್ದಿದ್ದಾಯಿತು. ರಾಷ್ಟ್ರೀಯ ಪರೀಕ್ಷೆ ನಡೆದ 24 ಗಂಟೆಯೊಳಗೆ ಫಾರ್ಮ್ 2, 45 ದಿನದೊಳಗೆ ಫಾರ್ಮ್ 3 ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ.

ಸಾಮಾನಿನ ಖರ್ಚು ಒಟ್ಟು 4,084 ಡಾಲರ್, ಎಲ್‌ಇಡಿ ಟ್ಯೂಬ್ ಬಿಟ್ಟು. ನನ್ನ ಕೂಲಿ ಬೇರೆ.

ಉಳಿದ ಕೆಲಸ ಎರಡು. ಯುಪಿಎಸ್ ಬ್ಯಾಟರಿ ಹಳೆಯದು, ಲೋಡ್ ಕೊಟ್ಟರೆ 11 ನಿಮಿಷಕ್ಕೆ ಬೀಳುತ್ತದೆ. 2020ರ ಆಗಸ್ಟ್‌ನ ಡೆರೇಚೊ ಬಿರುಗಾಳಿಯಲ್ಲಿ ಅಯೋವಾದ ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಜನರೇಟರ್ ಹಚ್ಚಲು ಬರುವವರೆಗಾದರೂ ಅದು ತಾಳಬೇಕು. ಇನ್ನೊಂದು, ಡೆ ಮೊಯಿನ್‌ನ ಟಿವಿ ಚಾನೆಲ್‌ಗಳ ಜೊತೆ ಲಿಖಿತ ಒಪ್ಪಂದ. ಅವರು ತಾವೇ ಹವಾಮಾನ ಸುದ್ದಿ ಕೊಡುತ್ತಿರುವಾಗ ನಾವು ಅದರ ಮೇಲೆ ಕಡಿಯದಂತೆ ಬಿಡಬಹುದು, ಎಸ್‌ಸಿಟಿಇ 18ರಲ್ಲಿ ಅಂಥ ಚಾನೆಲ್‌ಗಳ ಪಟ್ಟಿ ಹಾಕಲು ಜಾಗವೂ ಇದೆ. ಮ್ಯಾನೇಜರ್ ಪತ್ರ ಕಳಿಸಿದ್ದಾರೆ. ಸಹಿಯಾಗಿ ಬಂದ ಮೇಲೆ ಆ ಪಟ್ಟಿ ತುಂಬುತ್ತೇನೆ.